ಮನೆಯಂಗಳದಲ್ಲಿ ಕಾರಿನ ಮುಂದಿನ ಸಸ್ಪೆನ್ಷನ್ ಬದಲಾವಣೆ: ಎಲ್ಲಿಯವರೆಗೆ ಕೈಹಾಕಬಹುದು?

ತುಂಗಾತೀರ (ತೀರ್ಥಹಳ್ಳಿ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2013ರ ಸ್ವಿಫ್ಟ್ ಡೀಸೆಲ್ ಕಾರು. ಓಟ ಲಕ್ಷ ಕಿಲೋಮೀಟರ್ ದಾಟಿದೆ; ಅದರಲ್ಲಿ ಹೆಚ್ಚಿನದು ತೀರ್ಥಹಳ್ಳಿ ಸುತ್ತಮುತ್ತಲಿನ ಒಳರಸ್ತೆಗಳಲ್ಲಿ ಮತ್ತು ಆಗುಂಬೆ ಘಾಟಿಯಲ್ಲಿ ಆದದ್ದು. ಈ ಸಲದ ಮಳೆಗಾಲ ಮುಗಿದಂದಿನಿಂದ ಮುಂಭಾಗದ ಎಡಗಡೆಯಲ್ಲಿ ಶಬ್ದ ಶುರುವಾಗಿದೆ. ದೊಡ್ಡ ಹಂಪ್ ಹತ್ತಿ ಇಳಿಯುವಾಗ ಹೆಚ್ಚೇನೂ ಕೇಳಿಸುವುದಿಲ್ಲ. ಆದರೆ ಡಾಂಬರು ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಒಂದೇ ಚಕ್ರ ಸಣ್ಣ ಗುಂಡಿಗೆ ಇಳಿದೆದ್ದರೆ "ಟಕ್ ಟಕ್" ಎಂಬ ಸದ್ದು ಕಾಲಡಿಯಿಂದಲೇ ಬಂದ ಹಾಗೆ ಕೇಳಿಸುತ್ತದೆ. ಇದಲ್ಲದೆ, ಕಾರನ್ನು ನಿಲ್ಲಿಸಿಕೊಂಡು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಕಿರುಗುಟ್ಟಿ, ಒಮ್ಮೆ ಸಿಕ್ಕಿಕೊಂಡು ಬಿಟ್ಟಂತಾಗುತ್ತದೆ.

ಇಲ್ಲಿನ ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು), ಲಿಂಕ್ ರಾಡ್, ಟೈ ರಾಡ್ ಎಂಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ತಲುಪಿಸುವ ಕಡ್ಡಿಯ ತುದಿ) ಎಲ್ಲವನ್ನೂ ಎರಡೂ ಕಡೆ ಹಾಕಿಬಿಡೋಣ ಎನ್ನುತ್ತಿದ್ದಾರೆ. ಯಾವ ಭಾಗ ಹಾಳಾಗಿದೆ ಎಂದು ತೋರಿಸಲು ಕೇಳಿದರೆ ಸ್ಪಷ್ಟವಾದ ಉತ್ತರ ಸಿಗಲಿಲ್ಲ. ನಾನು ಎಂಜಿನ್ ಆಯಿಲ್ ಮತ್ತು ಬ್ರೇಕ್ ಪ್ಯಾಡ್‌ಗಳನ್ನು ಮನೆಯಲ್ಲಿಯೇ ಬದಲಿಸಿಕೊಳ್ಳುತ್ತೇನೆ. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳವಿದೆ, ಸಾಕೆಟ್ ಸೆಟ್ ಇದೆ, ಕಾರಿನ ಜೊತೆ ಬಂದ ಜಾಕ್ ಅಲ್ಲದೆ ಒಂದು ಹೈಡ್ರಾಲಿಕ್ ಜಾಕ್ ಕೂಡ ಇದೆ. ಕೊಕ್ಕೆಯಂಥ ಎರಡು ಬೋಲ್ಟ್‌ಗಳಿರುವ, ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದು, ಅದನ್ನು ತರಿಸಿಕೊಳ್ಳುವ ಆಲೋಚನೆಯೂ ಇದೆ. ಈ ಕೆಲಸವನ್ನು ಮನೆಯಲ್ಲಿ ಮಾಡಬಹುದೇ? ಮಾಡುವುದಾದರೆ ಯಾವುದರಿಂದ ಆರಂಭಿಸಬೇಕು?

ಹಳೇಗ್ಯಾರೇಜು (ಶಿವಮೊಗ್ಗ) ಅವರ ಉತ್ತರ

ತುಂಗಾತೀರ ಅವರೇ, ನೀವು ಶಬ್ದವನ್ನು ವಿವರಿಸಿರುವ ರೀತಿಯಲ್ಲಿಯೇ ಅರ್ಧ ಉತ್ತರವಿದೆ. ಎರಡೂ ಮುಂದಿನ ಚಕ್ರಗಳು ಒಟ್ಟಿಗೆ ಹಂಪ್ ಹತ್ತಿದಾಗ ಅವೆರಡನ್ನು ಜೋಡಿಸಿರುವ ಸ್ಟೆಬಿಲೈಸರ್ ಬಾರ್ ತನ್ನ ಬುಷ್‌ಗಳೊಳಗೆ (ರಬ್ಬರ್ ಹಿಡಿಕೆಗಳೊಳಗೆ) ಸುಮ್ಮನೆ ಹೊರಳುತ್ತದೆ, ತಿರುಚಿಕೊಳ್ಳುವುದಿಲ್ಲ. ಹಾಗಾಗಿ ಅದರ ತುದಿಯ ಲಿಂಕ್ ರಾಡ್‌ಗಳ ಮೇಲೆ ಹೇಳಿಕೊಳ್ಳುವಂಥ ಭಾರ ಬೀಳುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಒಮ್ಮೆ ಎಳೆದು ಒಮ್ಮೆ ತಳ್ಳುತ್ತದೆ. ಅದರ ಪುಟ್ಟ ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು) ಸವೆದಿದ್ದರೆ ನೀವು ಹೇಳುತ್ತಿರುವ "ಟಕ್ ಟಕ್" ಹುಟ್ಟುವುದು ಅಲ್ಲಿಯೇ. ಇಡೀ ಮುಂಭಾಗದ ಸಸ್ಪೆನ್ಷನ್ನಿನಲ್ಲಿ ಅತ್ಯಂತ ಅಗ್ಗದ ಮತ್ತು ಅತ್ಯಂತ ಸುಲಭವಾಗಿ ಬದಲಿಸಬಹುದಾದ ಭಾಗಗಳಲ್ಲಿ ಇದೂ ಒಂದು. ಇದರ ಶಬ್ದಕ್ಕೆ ಹೆದರಿ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡವರನ್ನು ಬಹಳ ಜನ ಕಂಡಿದ್ದೇನೆ.

ಸ್ಟೀರಿಂಗ್ ತಿರುಗಿಸುವಾಗ ಕಿರುಗುಟ್ಟಿ ಸಿಕ್ಕಿ ಬಿಡುವುದು ಬೇರೆ ವಿಷಯ. ನಿಮ್ಮ ಕಾರಿನ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಮೇಲಿನ ಆರ್ಮ್ ಇರುವುದೇ ಇಲ್ಲ. ಶಾಕ್ ಅಬ್ಸಾರ್ಬರೇ ಕಂಬದ ಕೆಲಸವನ್ನೂ ಮಾಡುತ್ತದೆ ಮತ್ತು ಸ್ಟೀರಿಂಗ್ ತಿರುಗಿದಾಗ ಸ್ಪ್ರಿಂಗಿನ ಸಮೇತ ತಾನೂ ತಿರುಗುತ್ತದೆ. ಅದು ಸಲೀಸಾಗಿ ತಿರುಗಲೆಂದು ಮೇಲ್ತುದಿಯ ರಬ್ಬರ್ ಮೌಂಟಿನ ಕೆಳಗೆ ಒಂದು ಬೇರಿಂಗ್ ಕೊಟ್ಟಿರುತ್ತಾರೆ. ಮಳೆನೀರು, ಕೆಸರು ಸೇರಿ ಆ ಬೇರಿಂಗ್ ಬಿಗಿದುಕೊಂಡರೆ ಸ್ಪ್ರಿಂಗ್ ಸ್ವಲ್ಪ ಸ್ವಲ್ಪವೇ ತಿರುಚಿಕೊಳ್ಳುತ್ತಾ ಹೋಗಿ ಕೊನೆಗೊಮ್ಮೆ ಜಾರಿ ಬಿಡುತ್ತದೆ. ಪರೀಕ್ಷೆ ಸುಲಭ. ಕಾರು ನೆಲದ ಮೇಲೆ ನಿಂತಿರುವಾಗ ಮನೆಯವರೊಬ್ಬರಿಗೆ ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸಲು ಹೇಳಿ, ನೀವು ಚಕ್ರದ ಕಮಾನಿನೊಳಗೆ ಕೈಯಿಟ್ಟು ಸ್ಪ್ರಿಂಗಿನ ಸುರುಳಿಯ ಮೇಲೆ ಬೆರಳುಗಳನ್ನು ಮೆಲ್ಲಗೆ ಒತ್ತಿಹಿಡಿಯಿರಿ. ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಬೇರಿಂಗ್ ಸರಿಯಿದ್ದರೆ ಸ್ಪ್ರಿಂಗ್ ಒಂದೇ ಸಮನೆ ಸರಿಯುತ್ತದೆ. ಕೆಟ್ಟಿದ್ದರೆ ಅದು ಬೆರಳಡಿಯಲ್ಲಿ ಪಟ್ಟನೆ ಜಿಗಿಯುವುದು ಗೊತ್ತಾಗುತ್ತದೆ.

ಲಿಂಕ್ ರಾಡ್ ನೋಡುವಾಗ ಮಾತ್ರ ಮುಂದಿನ ಎರಡೂ ಚಕ್ರಗಳನ್ನು ಎತ್ತಬೇಕು. ಒಂದೇ ಬದಿಯನ್ನು ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗಿ ನಿಲ್ಲುತ್ತದೆ, ಎಷ್ಟೇ ಸವೆದಿದ್ದರೂ ಕೈಗೆ ಆಟ (ಸಡಿಲು) ಸಿಗುವುದಿಲ್ಲ. ಎರಡೂ ಚಕ್ರಗಳು ಗಾಳಿಯಲ್ಲಿರುವಾಗಲೇ ಉಳಿದವನ್ನೂ ನೋಡಿಬಿಡಿ. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ ಟೈ ರಾಡ್ ಎಂಡ್ ಅಥವಾ ಅದರೊಳಗಿನ ರ‍್ಯಾಕ್ ಎಂಡ್ ಮೇಲೆ ಅನುಮಾನಪಡಬೇಕು. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಕಂಡರೆ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಇವೆರಡರಲ್ಲಿ ಯಾವುದೆಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿಹಿಡಿದಿರುವಾಗ ಮತ್ತೊಮ್ಮೆ ಅಲುಗಾಡಿಸಿ: ಆಟ ಮಾಯವಾದರೆ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್. ಲೋವರ್ ಆರ್ಮಿನ ಹಿಂದಿನ ದೊಡ್ಡ ಬುಷ್ ಹರಿದಿದ್ದರೆ ಸಾಮಾನ್ಯವಾಗಿ ಬ್ರೇಕ್ ಹಿಡಿದ ಕ್ಷಣ ಅಥವಾ ರಿವರ್ಸ್‌ನಿಂದ ಮುಂದಕ್ಕೆ ಹೊರಟ ಕ್ಷಣ ಒಂದೇ ಒಂದು ದಪ್ಪ ಸದ್ದು ಬರುತ್ತದೆ. ನೀವು ಅಂಥದ್ದನ್ನು ಹೇಳಿಲ್ಲ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆಯ ತೆಳುಪಸೆಗೆ ಧೂಳು ಹಿಡಿದಿದ್ದರೆ ಚಿಂತೆಯಿಲ್ಲ. ಒದ್ದೆಯಾಗಿ ಇಳಿದು ಕೆಳಗಿನ ಬಟ್ಟಲಿನವರೆಗೆ ಬಂದಿದ್ದರೆ ಅದರ ಆಯುಸ್ಸು ಮುಗಿದಿದೆ. ಬಾನೆಟ್ಟನ್ನು ಅದುಮಿ ಬಿಟ್ಟು ಕಾರು ಎಷ್ಟು ಸಲ ಕುಣಿಯುತ್ತದೆಂದು ಎಣಿಸುವ ಪದ್ಧತಿಯನ್ನು ನಂಬಬೇಡಿ. ಪೂರ್ತಿ ಸತ್ತ ಶಾಕ್ ಅಬ್ಸಾರ್ಬರನ್ನು ಅದು ತೋರಿಸಬಹುದು, ಅರೆಜೀವದ್ದನ್ನು ತೋರಿಸುವುದಿಲ್ಲ.

ಈಗ ನಿಮ್ಮ ಸ್ಪ್ರಿಂಗ್ ಕಂಪ್ರೆಸರಿನ ವಿಷಯ. ಅದನ್ನು ತರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಗಾತ್ರದ ಕಾರಿನ ಒಂದೊಂದು ಮುಂದಿನ ಸ್ಪ್ರಿಂಗೂ ಕಾರು ಸುಮ್ಮನೆ ನಿಂತಿರುವಾಗಲೇ ಸುಮಾರು 300 ಕಿಲೋ ಭಾರ ಹೊತ್ತಿರುತ್ತದೆ; ಸ್ಟ್ರಟ್ಟನ್ನು (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆಯನ್ನು) ಕಾರಿನಿಂದ ಬಿಚ್ಚಿ ನೆಲದ ಮೇಲಿಟ್ಟ ಮೇಲೂ ಅದು ಅದುಮಿದ ಸ್ಥಿತಿಯಲ್ಲಿಯೇ ಇರುತ್ತದೆ. ಮೇಲ್ತುದಿಯ ನಡುವಿನ ನಟ್ ಒಂದೇ ಅದನ್ನು ಹಿಡಿದಿಟ್ಟಿರುವುದು. ಸ್ಪ್ರಿಂಗನ್ನು ಸರಿಯಾಗಿ ಅದುಮಿಕೊಳ್ಳದೆ ಆ ನಟ್ಟನ್ನು ತೆಗೆದರೆ ಮೌಂಟು ಮುಖಕ್ಕೆ ಹಾರುತ್ತದೆ, ಮತ್ತು ಅಗ್ಗದ ಕೊಕ್ಕೆಗಳು ಸುರುಳಿಯ ಮೇಲೆ ಜಾರುವ ಅಪಾಯ ಯಾವಾಗಲೂ ಇದ್ದೇ ಇದೆ. ಇದಕ್ಕೆ ಒಳ್ಳೆಯ ದಾರಿಯೊಂದಿದೆ. ಸ್ಟ್ರಟ್‌ಗಳನ್ನು ಇಡಿಯಾಗಿ ಮನೆಯಲ್ಲಿಯೇ ಕಳಚಿ, ಹೊಸ ಶಾಕ್ ಅಬ್ಸಾರ್ಬರ್ ಮತ್ತು ಮೌಂಟುಗಳ ಜೊತೆ ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಸ್ಟ್ಯಾಂಡ್ ಮೇಲೆ ಕೂರಿಸಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಹಳೆಯ ಸ್ಪ್ರಿಂಗನ್ನು ಹೊಸ ಶಾಕ್ ಅಬ್ಸಾರ್ಬರಿಗೆ ದಾಟಿಸುವ ಕೆಲಸವನ್ನಷ್ಟೇ ಅವರಿಂದ ಮಾಡಿಸಿ, ತಂದು ನೀವೇ ಜೋಡಿಸಿ. ಕಾರಿಗೆ ಜೋಡಿಸಿರುವಾಗ ಬಾನೆಟ್ಟಿನ ಕೆಳಗೆ ಕಾಣುವ ನಡುವಿನ ನಟ್ಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಸ್ಟ್ರಟ್ ಇಳಿಸಲು ಬಿಚ್ಚಬೇಕಾದದ್ದು ಮೌಂಟನ್ನು ಕಾರಿನ ಮೈಗೆ ಹಿಡಿದಿರುವ ಸುತ್ತಲಿನ ನಟ್‌ಗಳನ್ನು.

ಕಡಲೂರವ (ಉಡುಪಿ) ಅವರ ಉತ್ತರ

ಹಳೇಗ್ಯಾರೇಜು ಅವರು ಹೇಳಿದ್ದನ್ನು ಒಪ್ಪುತ್ತೇನೆ. ಮನೆಯಲ್ಲಿ ಕೆಲಸ ಮಾಡುವವರಿಗೆ ನಿಜವಾದ ತೊಂದರೆ ಕೊಡುವುದು ತುಕ್ಕು. ನಮ್ಮ ಕಡೆ ಉಪ್ಪುಗಾಳಿಯಿಂದ, ನಿಮ್ಮ ಕಡೆ ತಿಂಗಳುಗಟ್ಟಲೆ ಬಿಡದ ಮಳೆಯಿಂದ. ಕೆಲಸದ ಹಿಂದಿನ ರಾತ್ರಿಯೇ ಎಲ್ಲ ಬೋಲ್ಟ್‌ಗಳ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. 14, 17 ಮತ್ತು 19ರ ಸಾಕೆಟ್‌ಗಳು ಬಹುತೇಕ ಕೆಲಸಕ್ಕೆ ಸಾಕು, ಆದರೆ ಅವು ಆರು ಮೂಲೆಯವಾಗಿರಲಿ. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ಹಿಡಿದ ನಟ್ಟಿನ ಅಂಚುಗಳನ್ನು ಸವೆಸಿ ದುಂಡಗೆ ಮಾಡಿಬಿಡುತ್ತದೆ.

ಲಿಂಕ್ ರಾಡಿನ ನಟ್ ತಿರುಗಿಸಿದರೆ ಅದರೊಂದಿಗೆ ಬಾಲ್ ಜಾಯಿಂಟಿನ ಕಡ್ಡಿಯೂ ತಿರುಗುತ್ತದೆ. ಕಡ್ಡಿಯ ತುದಿಯಲ್ಲಿ ಅಲನ್ ಕೀ ಹಿಡಿಯುವ ಗುಳಿಯಿರುತ್ತದೆ, ಅಥವಾ ಹಿಂಭಾಗದಲ್ಲಿ ಸ್ಪ್ಯಾನರ್ ಹಿಡಿಯಲು ಚಪ್ಪಟೆ ಜಾಗವಿರುತ್ತದೆ. ಗುಳಿಯಲ್ಲಿ ಮಣ್ಣು ತುಂಬಿದ್ದರೆ ಮೊಳೆಯಿಂದ ಕೆದಕಿ ಪೂರ್ತಿ ಶುಚಿಮಾಡಿದ ಮೇಲೆಯೇ ಅಲನ್ ಕೀ ಹಾಕಿ, ಇಲ್ಲವಾದರೆ ಅದು ಮೊದಲ ಬಲಕ್ಕೇ ಗುಳಿಯನ್ನು ಹಾಳುಮಾಡುತ್ತದೆ. ಹಾಗೂ ಬಿಚ್ಚದಿದ್ದರೆ ಗರಗಸದಿಂದ ಕಡ್ಡಿಯನ್ನೇ ಕತ್ತರಿಸಿ. ಹೇಗೂ ಹೊಸದು ಹಾಕುವವರಿದ್ದೀರಿ, ಅದಕ್ಕಾಗಿ ಮಧ್ಯಾಹ್ನವನ್ನೆಲ್ಲ ಕಳೆಯುವ ಅಗತ್ಯವಿಲ್ಲ.

ಸ್ಟ್ರಟ್ಟನ್ನು ನಕಲ್‌ಗೆ (ಚಕ್ರ ಮತ್ತು ಬ್ರೇಕ್ ಕೂರುವ ಲೋಹದ ಭಾಗಕ್ಕೆ) ಹಿಡಿದಿರುವ ಎರಡು ದೊಡ್ಡ ಬೋಲ್ಟ್‌ಗಳನ್ನು ಬಿಚ್ಚುವ ಮೊದಲು ಎರಡೂ ಸೇರುವ ಅಂಚಿನಲ್ಲಿ ಬಿಳಿ ಬಣ್ಣದಿಂದಲೋ ಮೊಳೆಯಿಂದಲೋ ಗೆರೆ ಎಳೆದುಕೊಳ್ಳಿ. ಆ ತೂತುಗಳಲ್ಲಿ ಇರುವ ಅಲ್ಪ ಸಡಿಲಿನಿಂದಲೇ ಚಕ್ರದ ಕ್ಯಾಂಬರ್ (ಅದರ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಬದಲಾಗುತ್ತದೆ. ಹೊಸ ಸ್ಟ್ರಟ್ ಕೂರಿಸುವಾಗ ನಕಲ್ ಹಿಂದಿನ ಜಾಗಕ್ಕೇ ಹತ್ತಿರ ಬರಲು ಆ ಗೆರೆ ನೆರವಾಗುತ್ತದೆ. ಬ್ರೇಕ್ ಹೋಸ್ ಮತ್ತು, ಎ.ಬಿ.ಎಸ್. ಇದ್ದರೆ, ಅದರ ವೈರನ್ನು ಸ್ಟ್ರಟ್ಟಿನ ಮೇಲಿನ ಕ್ಲಿಪ್‌ನಿಂದ ಮೊದಲೇ ಬಿಡಿಸಿ. ಬೋಲ್ಟ್‌ಗಳು ಹೊರಬಂದ ಕೂಡಲೇ ನಕಲ್ ತನ್ನ ತೂಕಕ್ಕೆ ಹೊರಕ್ಕೆ ವಾಲುತ್ತದೆ. ಹಾಗೆ ವಾಲಲು ಬಿಟ್ಟರೆ ಬ್ರೇಕ್ ಹೋಸ್ ಜಗ್ಗುತ್ತದೆ, ಅದಕ್ಕಿಂತ ಹೆಚ್ಚಾಗಿ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಒಳತುದಿಯ ಜಾಯಿಂಟ್ ಕಳಚಿಕೊಂಡು ಒಂದು ಕೆಲಸ ಎರಡಾಗುತ್ತದೆ. ಆದ್ದರಿಂದ ನಕಲನ್ನು ಗಟ್ಟಿ ಹಗ್ಗದಿಂದ ಕಾರಿನ ಮೈಗೆ ಕಟ್ಟಿಡಿ.

ಲೋವರ್ ಆರ್ಮ್ ಬದಲಿಸಬೇಕಾಗಿ ಬಂದರೆ ಎರಡು ಮಾತು. ಬಾಲ್ ಜಾಯಿಂಟಿನ ಕಡ್ಡಿಯನ್ನು ನಕಲ್‌ನಲ್ಲಿ ಹಿಡಿದಿರುವ ಅಡ್ಡ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಅದು ಕಡ್ಡಿಯ ಕುತ್ತಿಗೆಯಲ್ಲಿರುವ ತೋಡಿನ ಮೂಲಕ ಹಾದುಹೋಗಿರುತ್ತದೆ. ಎರಡನೆಯದು ಬುಷ್ ಬೋಲ್ಟ್‌ಗಳನ್ನು ಬಿಗಿಯುವ ಕ್ರಮ. ಅನೇಕರು ತಪ್ಪುವುದು ಇಲ್ಲಿಯೇ. ಬುಷ್‌ನಲ್ಲಿ ರಬ್ಬರ್ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ, ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ಆ ರಬ್ಬರೇ. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದು ಕಾರನ್ನು ಇಳಿಸಿದರೆ ಕಾರು ನಿಂತಲ್ಲಿಯೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಮತ್ತು ಹೊಸ ಬುಷ್ ಬಹುಬೇಗ ಹರಿಯುತ್ತದೆ. ಮೊದಲು ಕೈಯಳತೆಗೆ ಬಿಗಿದು, ಬಾಲ್ ಜಾಯಿಂಟಿನ ಹತ್ತಿರ ಆರ್ಮಿನ ಕೆಳಗೆ ಜಾಕ್ ಕೊಟ್ಟು, ಸ್ಪ್ರಿಂಗ್ ಅದುಮಿ ಆ ಬದಿಯ ತೂಕ ಜಾಕಿಗೆ ಬರುವಷ್ಟು ಎತ್ತಿದ ಮೇಲೆಯೇ ಟಾರ್ಕ್ ವ್ರೆಂಚ್ ಹಿಡಿಯಿರಿ. ಬಿಗಿತದ ಅಳತೆಗಳನ್ನು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಕೆಲವು ಹಳೆಯ ಪಟ್ಟಿಗಳಲ್ಲಿ ಅಳತೆ ಕೆ.ಜಿ.-ಮೀಟರಿನಲ್ಲಿ ಇರುತ್ತದೆ, 1 ಕೆ.ಜಿ.-ಮೀಟರ್ ಎಂದರೆ ಸುಮಾರು 9.8 ನ್ಯೂಟನ್-ಮೀಟರ್.

ತುಂಗಾತೀರ (ತೀರ್ಥಹಳ್ಳಿ)

ಇಬ್ಬರಿಗೂ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸಿದೆ. ಎಡಗಡೆಯ ಲಿಂಕ್ ರಾಡನ್ನು ಬೆರಳಿನಿಂದ ಅಲುಗಾಡಿಸಿದರೆ ಸಾಕು, ಮೇಲಿನ ಜಾಯಿಂಟ್ ಟಕಟಕ ಎನ್ನುತ್ತದೆ. ಅದರ ರಬ್ಬರ್ ಟೋಪಿ ಹರಿದು ಒಳಗೆ ಗ್ರೀಸಿನ ಬದಲು ಕೆಂಪು ಮಣ್ಣು ಸೇರಿದೆ. ಸ್ಪ್ರಿಂಗಿನ ಜಿಗಿತ ಎಡಗಡೆ ಚೆನ್ನಾಗಿ ಗೊತ್ತಾಗುತ್ತದೆ, ಬಲಗಡೆ ಸ್ವಲ್ಪ ಕಡಿಮೆ. ಎಡಗಡೆಯ ಶಾಕ್ ಅಬ್ಸಾರ್ಬರ್ ಕೆಳಗಿನವರೆಗೂ ಒದ್ದೆಯಾಗಿದೆ, ಬಲಗಡೆಯದು ಒಣಗಿದೆ. ಟೈ ರಾಡ್ ಎಂಡ್ ಮತ್ತು ಬಾಲ್ ಜಾಯಿಂಟ್‌ಗಳಲ್ಲಿ ಎರಡೂ ಕಡೆ ಆಟವಿಲ್ಲ. ಲೋವರ್ ಆರ್ಮಿನ ಹಿಂದಿನ ಬುಷ್‌ನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಆದರೆ ಸಬ್ಬಲಿನಿಂದ ಮೀಟಿದರೆ ಹರಿದು ತೆರೆದುಕೊಳ್ಳುವುದಿಲ್ಲ.

ಹಾಗಾದರೆ ಶಾಕ್ ಅಬ್ಸಾರ್ಬರನ್ನು ಎಡಗಡೆ ಮಾತ್ರ ಬದಲಿಸಿದರೆ ಸಾಕಾಗುವುದಿಲ್ಲವೇ? ಇನ್ನೊಂದು ಪ್ರಶ್ನೆ: ಜಾಕ್ ಸ್ಟ್ಯಾಂಡ್ ನನ್ನ ಬಳಿ ಇಲ್ಲ. ಮನೆ ಕಟ್ಟಿಸಿದಾಗ ಉಳಿದ ಜಂಬಿಟ್ಟಿಗೆ ಕಲ್ಲುಗಳು ಬೇಕಾದಷ್ಟಿವೆ. ಅವನ್ನು ಒಂದರ ಮೇಲೊಂದು ಇಟ್ಟು ಕಾರನ್ನು ನಿಲ್ಲಿಸಬಹುದೇ?

ಕಡಲೂರವ (ಉಡುಪಿ)

ಜಂಬಿಟ್ಟಿಗೆಯ ಮೇಲೆ ಖಂಡಿತ ನಿಲ್ಲಿಸಬೇಡಿ. ಅದು ಗೋಡೆಯಲ್ಲಿ ಹರಡಿದ ಭಾರವನ್ನು ತಡೆಯುವ ಕಲ್ಲು. ಕಾರಿನ ಅಡಿಯಂಚಿನಂಥ ಕಿರಿದಾದ ಜಾಗದಿಂದ ಭಾರ ಬಿದ್ದರೆ ಮುನ್ಸೂಚನೆಯೇ ಇಲ್ಲದೆ ಪುಡಿಯಾಗಬಹುದು. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟ್ ಬ್ಲಾಕಿಗೂ ಇದೇ ಮಾತು. ಎರಡು ಜಾಕ್ ಸ್ಟ್ಯಾಂಡ್‌ಗಳನ್ನು ಕೊಳ್ಳಿ, ಸ್ಪ್ರಿಂಗ್ ಕಂಪ್ರೆಸರಿಗೆ ಹಾಕಬೇಕೆಂದಿದ್ದ ಹಣ ಅದಕ್ಕೇ ಹೋಗಲಿ. ಹೈಡ್ರಾಲಿಕ್ ಜಾಕ್ ಎತ್ತುವುದಕ್ಕೆ ಮಾತ್ರ, ಹಿಡಿದಿಡುವುದಕ್ಕಲ್ಲ. ಅದರ ಸೀಲ್ ಯಾವಾಗ ಸೋರಿ ಇಳಿಯತೊಡಗುತ್ತದೋ ಹೇಳಲಾಗದು. ಹಿಂದಿನ ಎರಡೂ ಚಕ್ರಗಳಿಗೆ ಅಡ್ಡಗಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಸ್ಟ್ಯಾಂಡಿನ ಮೇಲೆ ಕೂರಿಸಿದ ಬಳಿಕ ಕಾರನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ, ಅಲುಗದಿದ್ದರೆ ಮಾತ್ರ ಕೆಳಗೆ ಕೈಹಾಕಿ. ಕಳಚಿದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿಡುವುದು ಇನ್ನೊಂದು ಭದ್ರತೆ. ನಿಮ್ಮ ಜಂಬಿಟ್ಟಿಗೆಯ ಉಪಯೋಗ ಬೇಕೆಂದರೆ ಸಾಮಾನುಗಳನ್ನು ಜೋಡಿಸಿಡಲು ಒಳ್ಳೆಯ ಮೇಜಾಗುತ್ತದೆ.

ಬಿಡಿಭಾಗ (ಬೆಂಗಳೂರು) ಅವರ ಉತ್ತರ

ಸಾಮಾನು ಕೊಳ್ಳುವ ಬಗ್ಗೆ ಮಾತ್ರ ಹೇಳುತ್ತೇನೆ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಈ ಕಾರಿನದು ಎಲ್ಲವೂ ದೊರೆಯುತ್ತದೆ, ಆದರೆ ಅಸಲಿಯ ಪಕ್ಕದಲ್ಲಿಯೇ ನಕಲಿಯೂ ದೊರೆಯುತ್ತದೆ. ಬರೀ "2013 ಸ್ವಿಫ್ಟ್" ಎಂದು ಕೇಳಬೇಡಿ, ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಏಕೆಂದರೆ ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ಭಾರವಾದ್ದರಿಂದ ಮುಂಭಾಗದ ಸಾಮಾನು ಎರಡಕ್ಕೂ ಒಂದೇ ಎಂದು ಭಾವಿಸುವಂತಿಲ್ಲ. ಎಡ ಮತ್ತು ಬಲ ಶಾಕ್ ಅಬ್ಸಾರ್ಬರ್‌ಗಳೂ ಬೇರೆ ಬೇರೆ. ಕಂಪನಿಯ ಅಸಲಿ ಭಾಗವಲ್ಲದಿದ್ದರೆ ಶಾಕ್ ಅಬ್ಸಾರ್ಬರಿಗೆ ಗೇಬ್ರಿಯಲ್, ಸ್ಟೀರಿಂಗ್ ಹಾಗೂ ಬಾಲ್ ಜಾಯಿಂಟ್ ಭಾಗಗಳಿಗೆ ರಾಣೆ ಇಂಥ ಹೆಸರಿರುವ ತಯಾರಕರದನ್ನು ಬಿಲ್ ಸಮೇತ ತೆಗೆದುಕೊಳ್ಳಿ. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳುಗವಸು ಇವನ್ನು ಒಟ್ಟಿಗೇ ಕೊಳ್ಳಿ. ಇವುಗಳಲ್ಲಿ ಒಂದನ್ನು ಬಿಟ್ಟರೂ ಅದನ್ನು ಹಾಕಲು ಮತ್ತೆ ಇಡೀ ಸ್ಟ್ರಟ್ ಇಳಿಸಬೇಕಾಗುತ್ತದೆ. ಲಾಕ್ ನಟ್‌ಗಳನ್ನೂ ಹೊಸದಾಗಿಯೇ ತನ್ನಿ.

ಹಳೇಗ್ಯಾರೇಜು (ಶಿವಮೊಗ್ಗ)

ಶಾಕ್ ಅಬ್ಸಾರ್ಬರನ್ನು ಎರಡೂ ಕಡೆ ಬದಲಿಸಿ. ಬಲಗಡೆಯದು ಒಣಗಿದ್ದರೂ ಅದೂ ಅಷ್ಟೇ ದೂರ ಅದೇ ರಸ್ತೆಗಳಲ್ಲಿ ಓಡಿದೆ. ಒಂದು ಬದಿ ಹೊಸದು, ಇನ್ನೊಂದು ಬದಿ ದಣಿದದ್ದು ಇದ್ದರೆ ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಎರಡು ಬದಿಗಳು ಎರಡು ರೀತಿ ವರ್ತಿಸುತ್ತವೆ. ಮೌಂಟ್ ಮತ್ತು ಬೇರಿಂಗ್ ಕೂಡ ಎರಡೂ ಕಡೆ, ಲಿಂಕ್ ರಾಡ್‌ಗಳೂ ಜೋಡಿಯಾಗಿಯೇ. ಸ್ಪ್ರಿಂಗ್ ಮುರಿದಿಲ್ಲದಿದ್ದರೆ, ಕಾರು ಒಂದು ಬದಿಗೆ ಕುಸಿದಿಲ್ಲದಿದ್ದರೆ ಹಳೆಯದನ್ನೇ ಉಳಿಸಿಕೊಳ್ಳಬಹುದು. ಅಡಿಯ ಸುರುಳಿಯಲ್ಲಿ ಬಣ್ಣ ಎದ್ದು ತುಕ್ಕು ತಿಂದಿದೆಯೇ ಎಂದು ಮಾತ್ರ ನೋಡಿ. ಲೋವರ್ ಆರ್ಮ್ ಮತ್ತು ಟೈ ರಾಡ್ ಎಂಡ್‌ಗಳ ತಂಟೆಗೆ ಈಗ ಹೋಗಬೇಡಿ. ಮೇಲ್ಮೈ ಬಿರುಕಿಗಾಗಿ ಆರ್ಮ್ ಬದಲಿಸುವುದು ವ್ಯರ್ಥ ಖರ್ಚು, ಮುಂದಿನ ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ ಮೀಟಿ ನೋಡಿದರೆ ಸಾಕು.

ಸ್ಪ್ರಿಂಗ್ ದಾಟಿಸಲು ಗ್ಯಾರೇಜಿಗೆ ಒಯ್ದಾಗ ಪಕ್ಕದಲ್ಲಿ ನಿಂತು ಕೆಲವನ್ನು ಗಮನಿಸಿ. ಹೊಸ ಶಾಕ್ ಅಬ್ಸಾರ್ಬರನ್ನು ನೆಟ್ಟಗೆ ನಿಲ್ಲಿಸಿ ಕಡ್ಡಿಯನ್ನು ನಾಲ್ಕಾರು ಸಲ ಪೂರ್ತಿ ಅದುಮಿ ಎಳೆದು, ಒಳಗಿನ ಗಾಳಿ ಹೋದ ಮೇಲೆ ಜೋಡಿಸಬೇಕು. ಸ್ಪ್ರಿಂಗಿನ ಕೆಳತುದಿ ಬಟ್ಟಲಿನಲ್ಲಿರುವ ಮೆಟ್ಟಿಲಿಗೆ ತಾಗಿ ಕೂತಿರಬೇಕು. ಮೇಲಿನ ನಟ್ ಬಿಗಿಯುವಾಗ ಕಡ್ಡಿ ತಿರುಗದಂತೆ ಅದರ ತುದಿಯನ್ನು ಹಿಡಿಯಲೆಂದೇ ಜಾಗ ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಹೊಳೆಯುವ ಕಡ್ಡಿಯನ್ನೇ ಪ್ಲಯರ್‌ನಿಂದ ಹಿಡಿಯಲು ಹೋದರೆ ತಕ್ಷಣ ತಡೆಯಿರಿ. ಉಗುರಿಗೆ ಸಿಗುವಷ್ಟು ಸಣ್ಣ ಗೀರು ಬಿದ್ದರೂ ಅದು ಸಲ ಸಲಕ್ಕೂ ಸೀಲಿನ ತುಟಿಯನ್ನು ಕೆರೆಯುತ್ತದೆ, ಹೊಸ ಶಾಕ್ ಅಬ್ಸಾರ್ಬರ್ ಹಳೆಯದರಂತೆಯೇ ಎಣ್ಣೆ ಕಾರತೊಡಗುತ್ತದೆ.

ಎಲ್ಲ ಜೋಡಿಸಿ, ಚಕ್ರದ ನಟ್‌ಗಳನ್ನು ಕಾರು ನೆಲಕ್ಕಿಳಿದ ಮೇಲೆ ಅಡ್ಡಡ್ಡವಾಗಿ ಬಿಗಿದು, ಒಂದಷ್ಟು ದೂರ ಓಡಿಸಿ ಸಸ್ಪೆನ್ಷನ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಅಂಗಡಿಗೆ ಹೋಗುವವರೆಗೆ ನಿಧಾನವಾಗಿಯೇ ಓಡಿಸಿ. ಈ ಕಾರಿನಲ್ಲಿ ಅವರು ಮಾಮೂಲಾಗಿ ಹೊಂದಿಸುವುದು ಟೈ ರಾಡಿನ ಮೂಲಕ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ. ಆದರೂ ಮುದ್ರಿತ ಹಾಳೆಯಲ್ಲಿ ಎಡ ಬಲ ಕ್ಯಾಂಬರ್ ಅಂಕಿಗಳನ್ನು ಹೋಲಿಸಿ ನೋಡಿ, ಎರಡರ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ಅಂಕಿ ಸರಿಯಿಲ್ಲದ ಬದಿಯಲ್ಲಿ ನಕಲ್‌ನ ಎರಡು ಬೋಲ್ಟ್‌ಗಳನ್ನು ಸಡಿಲಿಸಿ, ಚಕ್ರವನ್ನು ಒಳಕ್ಕೋ ಹೊರಕ್ಕೋ ತಳ್ಳಿಹಿಡಿದು ಮತ್ತೆ ಬಿಗಿಸಿ, ಆಮೇಲೆಯೇ ಟೋ ಹೊಂದಿಸಲು ಹೇಳಿ. ಈ ಕ್ರಮ ಹಿಂದುಮುಂದಾದರೆ ಕ್ಯಾಂಬರ್ ಬದಲಾದೊಡನೆ ಟೋ ಕೂಡ ಬದಲಾಗಿ, ಅಲೈನ್‌ಮೆಂಟಿಗೆ ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ.